ಮುಳ್ಳುಹಂದಿಗೆ ಉರುಳು ಪರಿಹಾರವಲ್ಲ

ಮುಳ್ಳುಹಂದಿಯು ಅಡಿಕೆ ಸಸಿಯ ಬುಡ ಕಡಿದು ತಿರುಳು ತಿಂದಿತೆಂಬ ದೂರು ಸದಸ್ಯರಿಂದ ಆಗಾಗ್ಗೆ ಬರುತ್ತಿದೆ. ಕಾಫಿ ಗಿಡ ಮುರಿದರೂ ಬುಡದಿಂದ ಚಿಗುರುತ್ತದೆ. ಅಡಿಕೆಗೆ ಇರುವುದು ಒಂದೇ ಸುಳಿ, ಅದು ಹೋದರೆ ಸಸಿಯೇ ಹೋಯಿತು. ಬೆಳೆಗಾರರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಉರುಳು ಕಟ್ಟುವುದನ್ನೂ ಬೇಲಿಗೆ ವಿದ್ಯುತ್ ಹರಿಸುವುದನ್ನೂ ನಾವು ಒಪ್ಪಲಾರೆವು.

ಹೆಸರಿನಲ್ಲಿ ಹಂದಿಯಿದ್ದರೂ ಇದು ಇಲಿ, ಅಳಿಲುಗಳ ಗುಂಪಿನ ಪ್ರಾಣಿ. ಬಾಚಿಹಲ್ಲುಗಳು ಆಯುಷ್ಯವಿಡೀ ಬೆಳೆಯುವುದರಿಂದ ಕಡಿಯದೆ ಅದಕ್ಕೆ ವಿಧಿಯಿಲ್ಲ. ಹಲ್ಲು ಸವೆಸಲು, ಸುಣ್ಣದಂಶ ಪಡೆಯಲು ಎಲುಬು, ಉದುರಿದ ಕೊಂಬುಗಳನ್ನೂ ಕಡಿಯುತ್ತದೆ. ಹಗಲೆಲ್ಲ ಬಿಲದಲ್ಲಿದ್ದು, ರಾತ್ರಿ ಬೇರು, ಗೆಡ್ಡೆ, ತೊಗಟೆ ಹುಡುಕುತ್ತ ಹೊರಡುತ್ತದೆ. ಮುಳ್ಳನ್ನು ಬಾಣದಂತೆ ಎಸೆಯುತ್ತದೆಂಬುದು ಸುಳ್ಳು. ಹಿಮ್ಮುಖವಾಗಿ ನುಗ್ಗಿದಾಗ ಅವು ಚುಚ್ಚಿ ಕಳಚಿಕೊಳ್ಳುತ್ತವೆ.

ಇದು ಮರ ಹತ್ತುವ ಪ್ರಾಣಿಯಲ್ಲ, ನೆಲ ತೋಡುವ ಪ್ರಾಣಿ. ಆದ್ದರಿಂದ ಸಸಿಯ ಸುತ್ತ ಎರಡಡಿ ಎತ್ತರದ ಕಬ್ಬಿಣದ ಜಾಲರಿ ನಿಲ್ಲಿಸಿ, ಅದರ ಅಂಚನ್ನು ಒಂದಡಿ ಮಣ್ಣಿನೊಳಗೆ ಹೂಳಬೇಕು. ಕಾಂಡ ಬಲಿತ ಮೇಲೆ ಬಿಚ್ಚಿ ಬೇರೆ ಸಸಿಗೆ ಬಳಸಬಹುದು.

ಖರ್ಚಿದೆ, ನಿಜ. ಆದರೆ ಉರುಳಿಗೆ ಮುಳ್ಳುಹಂದಿ ಯಾವುದು, ಮನೆಯ ನಾಯಿ ಯಾವುದು ಎಂಬ ಭೇದವಿಲ್ಲ. ವಿದ್ಯುತ್ ತಂತಿಗೆ ನಸುಕಿನಲ್ಲಿ ತೋಟಕ್ಕಿಳಿದ ಆಳೂ ಬಲಿಯಾಗಬಹುದು. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ಪ್ರಾಣಿಯ ಬೇಟೆ ಅಪರಾಧ. ಒಂದನ್ನು ಕೊಂದ ಮಾತ್ರಕ್ಕೆ ಸಸಿಗೆ ಕಾವಲು ಸಿಕ್ಕಂತಾಗುವುದಿಲ್ಲ.

ಜಾಲರಿ ಬೇಕಾದ ಸದಸ್ಯರು ತಮ್ಮ ಸಸಿಗಳ ಲೆಕ್ಕವನ್ನು ಸಂಘದ ಕಚೇರಿಗೆ ತಿಳಿಸಿದಲ್ಲಿ, ಎಲ್ಲರಿಗೂ ಸೇರಿಸಿ ಸಗಟಾಗಿ ತರಿಸಲು ಪ್ರಯತ್ನಿಸುತ್ತೇವೆ.