ಜುಲೈನಲ್ಲಿ ಹುಟ್ಟಿ ದಸರೆಗೆ ಕಣ್ಣು ಮುಚ್ಚುವ ಯುವಸೇವೆ

ಜುಲೈ ಬಂತೆಂದರೆ ವಿಜಯಪುರದ ಸಭಾಂಗಣಗಳಲ್ಲಿ ಲಯನ್ಸ್, ರೋಟರಿ ಕ್ಲಬ್ಬುಗಳ ಪದಗ್ರಹಣದ ಸುಗ್ಗಿ. ಹಳೆಯ ಅಧ್ಯಕ್ಷರ ಕೊರಳಲ್ಲಿದ್ದ ಕಾಲರ್ ಹೊಸಬರ ಕೊರಳಿಗೆ ಬೀಳುತ್ತದೆ. ಶಾಲು, ಹಾರ, ಸ್ಮರಣಿಕೆ, ಊಟ. ಅದರ ಬೆನ್ನಿಗೇ ಯಾವುದಾದರೂ ಪ್ರೌಢಶಾಲೆಯಲ್ಲಿ ಮಕ್ಕಳ ಕ್ಲಬ್ಬಿನ ಉದ್ಘಾಟನೆ. ಹತ್ತಿಪ್ಪತ್ತು ಮಕ್ಕಳ ಎದೆಗೆ ಪಿನ್ನು, ಹಿಂದೆ ಫ್ಲೆಕ್ಸು, ಮುಂದೆ ಕ್ಯಾಮೆರಾ. ಮರುದಿನ ಪತ್ರಿಕೆಯಲ್ಲಿ ಫೋಟೊ. ಅದನ್ನು ಅಚ್ಚು ಹಾಕುವವರು ನಾವೇ ಆದ್ದರಿಂದ ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಜನವರಿಯಲ್ಲಿ ಅದೇ ಶಾಲೆಗೆ ಹೋಗಿ ಆ ಕ್ಲಬ್ಬಿನ ನಡಾವಳಿ ಪುಸ್ತಕ ಕೇಳಿ ನೋಡಿ. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಪದಾಧಿಕಾರಿಗಳ ಹೆಸರು. ಎರಡನೆಯ ಪುಟದಲ್ಲಿ ಸಸಿ ನೆಟ್ಟ ವಿವರ. ಆಮೇಲೆ ಖಾಲಿ ಹಾಳೆ. ಉಸ್ತುವಾರಿ ವಹಿಸಿದ್ದ ಶಿಕ್ಷಕರಿಗೆ ವರ್ಗವಾದರೆ ಪುಸ್ತಕವೂ ಸಿಗುವುದಿಲ್ಲ.

ಈ ಯೋಜನೆಗಳ ಮೂಲ ಆಶಯ ಹೀಗಿರಲಿಲ್ಲ. ಲಯನ್ಸ್‌ನವರ ಲಿಯೋ ಕ್ಲಬ್ ಆರಂಭವಾದದ್ದು 1957ರಲ್ಲಿ. ರೋಟರಿ 1962ರಲ್ಲಿ ಶಾಲಾ ಮಕ್ಕಳಿಗೆ ಇಂಟರ‍್ಯಾಕ್ಟ್, 1968ರಲ್ಲಿ ಯುವಕರಿಗೆ ರೋಟರ‍್ಯಾಕ್ಟ್ ಹುಟ್ಟುಹಾಕಿತು. ಜಗತ್ತಿನ ಎರಡನೆಯ ಇಂಟರ‍್ಯಾಕ್ಟ್ ಕ್ಲಬ್ ಎದ್ದದ್ದು ನಮ್ಮ ನೆರೆಯ ತಮಿಳುನಾಡಿನ ತಂಜಾವೂರಿನಲ್ಲಿ. ಆಶಯ ಇಷ್ಟೇ: ಮಕ್ಕಳೇ ಸಭೆ ಕರೆಯಬೇಕು, ಲೆಕ್ಕ ಇಡಬೇಕು, ಊರಿನ ಒಂದು ಕೆಲಸ ಹಿಡಿದು ಮುಗಿಸಬೇಕು, ಹಿರಿಯರು ಬೆನ್ನಿಗಿರಬೇಕು. ಈಗ ಹಿರಿಯರು ವೇದಿಕೆಯ ಮೇಲೆ, ಮಕ್ಕಳು ಕೆಳಗೆ ಚಪ್ಪಾಳೆಗೆ.

ಕೆಡುಕಿನ ಬೇರು ಕ್ಯಾಲೆಂಡರಿನಲ್ಲಿದೆ. ಅಧ್ಯಕ್ಷಗಿರಿ ಒಂದೇ ವರ್ಷದ್ದು, ಜುಲೈ ಒಂದರಿಂದ ಜೂನ್ ಮೂವತ್ತರವರೆಗೆ. ಬಂದವರಿಗೆಲ್ಲ ತಮ್ಮದೇ ಹೊಸ ಯೋಜನೆ ಬೇಕು, ಹಿಂದಿನವರ ಕೆಲಸ ಮುಂದುವರಿಸಿದರೆ ಹೆಸರು ಬರುವುದಿಲ್ಲ. ಹೀಗಾಗಿ ಹುರುಪೆಲ್ಲ ಮೊದಲ ಮೂರು ತಿಂಗಳಲ್ಲೇ ತೀರುತ್ತದೆ. ಆದರೆ ನಮ್ಮ ನೆಲದ ಕ್ಯಾಲೆಂಡರ್ ಬೇರೆ. ದಸರೆ, ದೀಪಾವಳಿ ದಾಟುತ್ತಲೇ ಕಬ್ಬು ಕಡಿಯಲು ಗುಳೆ ಹೊರಡುವ ಕುಟುಂಬಗಳು ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ ಭಾಗದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೈಗೆ ಬಿಡುವಿಲ್ಲ, ಅದೇ ಹೊತ್ತಿಗೆ ಪರೀಕ್ಷೆ. ಬೇಸಿಗೆಗೆ ಬಾಲ್ಯವಿವಾಹದ ಭಯ. ಹುಡುಗ ಶಾಲೆ ಬಿಡುವ, ಹುಡುಗಿಯ ಮದುವೆಯ ಮಾತೆತ್ತುವ ತಿಂಗಳುಗಳಲ್ಲೇ ಯುವಸೇವೆ ಮಲಗಿರುತ್ತದೆ. ಮೇ ಬಂದರೆ ಕ್ಲಬ್ಬುಗಳಿಗೆ ಮುಂದಿನ ಪದಗ್ರಹಣದ ಚಿಂತೆ.

ಇನ್ನೊಂದು ಲೋಪ ದೂರದ್ದು. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಾಗಿವೆ. ನಗರದಿಂದ 20–25 ಕಿ.ಮೀ. ಅಷ್ಟೇ. ಆದರೂ ವ್ಯಕ್ತಿತ್ವ ವಿಕಸನ ಶಿಬಿರ, ಭಾಷಣ ಸ್ಪರ್ಧೆ, ಉದ್ಯೋಗ ಮಾರ್ಗದರ್ಶನ ನಗರಕ್ಕೆ. ಹಳ್ಳಿಗೆ ನೋಟ್‌ಬುಕ್ ಹಂಚಿಕೆ, ಕಣ್ಣಿನ ತಪಾಸಣೆ. ಸಂಜೆ ಏಳಕ್ಕೆ ನಗರದಲ್ಲಿ ಸಭೆ ಇಟ್ಟು ಹಳ್ಳಿ ಹುಡುಗಿಯರು ಬರಲಿಲ್ಲ ಎಂದರೆ ಏನರ್ಥ? ಸಭೆ ಮುಗಿದ ಮೇಲೆ ಆಕೆ ಯಾವ ಬಸ್ಸು ಹತ್ತಬೇಕು?

ಗಟ್ಟಿ ಕೆಲಸ ಹೇಗಿರುತ್ತದೆಂದು ಈ ಊರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ತೆರೆದ ಸಿದ್ಧೇಶ್ವರ ಬ್ಯಾಂಕು ಇಂದಿಗೂ ಇವೆ. 1926ರಲ್ಲಿ ತೊಡಗಿದ ‘ಶಿವಾನುಭವ’ ಪತ್ರಿಕೆಯನ್ನು ಅವರು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಹಳ್ಳಿ ರಸ್ತೆಗಳಲ್ಲಿ ದಿನವೂ ಪೆಡಲ್ ತುಳಿದೇ ಈ ಜಿಲ್ಲೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ಗೆ ಏರಿದರು. ಒಂದು ದಿನದ ಶಿಬಿರದಿಂದ ಇಂಥದ್ದು ಆಗುವುದಿಲ್ಲ.

ಕ್ಲಬ್ಬುಗಳಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ವ್ಯಾಪಾರಸ್ಥರಿದ್ದಾರೆ. ದುಡ್ಡಿಗೆ ಬರವಿಲ್ಲ, ಹಲವರ ಮನಸ್ಸಿಗೂ ಇಲ್ಲ. ಬೇಕಾದದ್ದು ಕಟ್ಟುಪಾಡು. ಅಧ್ಯಕ್ಷರು ಬದಲಾದರೂ ಬದಲಾಗದ ಮೂರು ವರ್ಷದ ಯೋಜನೆ ಇರಲಿ. ಅರ್ಧದಷ್ಟು ಕಾರ್ಯಕ್ರಮ ತಿಕೋಟಾ, ಬಬಲೇಶ್ವರದ ಶಾಲೆಗಳಲ್ಲಿ, ಶನಿವಾರ ಶಾಲೆ ಬಿಟ್ಟ ಕೂಡಲೇ ನಡೆಯಲಿ. ನವೆಂಬರ್‌ನಲ್ಲಿ ಗೈರಾದ ಮಗುವಿನ ಮನೆ ಬಾಗಿಲಿಗೆ ಸದಸ್ಯರೊಬ್ಬರು ಹೋಗಲಿ. ವೇದಿಕೆಗೆ ಎಷ್ಟು, ಮಕ್ಕಳಿಗೆ ಎಷ್ಟು ಖರ್ಚಾಯಿತೆಂಬ ಲೆಕ್ಕ ವರ್ಷಕ್ಕೊಮ್ಮೆ ಬಹಿರಂಗವಾಗಲಿ.

ನಮ್ಮ ಪಾಲಿನ ಪ್ರಾಯಶ್ಚಿತ್ತವನ್ನೂ ಹೇಳಿಬಿಡುತ್ತೇವೆ. ಇನ್ನು ಮುಂದೆ ಜುಲೈನ ಪಿನ್ನಿನ ಫೋಟೊಗೆ ಈ ಪುಟಗಳಲ್ಲಿ ಜಾಗವಿಲ್ಲ. ಫೆಬ್ರುವರಿಯಲ್ಲಿ ನಡಾವಳಿ ಪುಸ್ತಕದ ಎಂಟನೆಯ ಪುಟ ತೋರಿಸಿ, ಅದನ್ನು ಅಚ್ಚು ಹಾಕುತ್ತೇವೆ.