‘ದಡ್ಡ’ ಎನ್ನುವ ಮುನ್ನ

ದೂಧಗಂಗಾ ನದಿಯ ದಂಡೆಯಲ್ಲಿರುವ ಸದಲಗಾ ಕಬ್ಬಿನ ನಾಡಿನ ಪಟ್ಟಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನೊಳಗೊಂಡ ಈ ಗಡಿ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮಗಳ ಶಾಲೆಗಳಿವೆ. ಮಾಧ್ಯಮ ಯಾವುದೇ ಇರಲಿ, ಪ್ರತಿಯೊಂದು ಶಾಲೆಯೂ ವರ್ಷಕ್ಕೊಮ್ಮೆ ಯು-ಡೈಸ್ ಎಂಬ ಸರಕಾರಿ ನಮೂನೆಯನ್ನು ತುಂಬಿ ಕಳುಹಿಸಬೇಕು. ಅದರಲ್ಲಿ ಪ್ರತಿ ಮಗುವಿನ ಹೆಸರಿನೊಂದಿಗೆ ಒಂದು ಪ್ರಶ್ನೆಯಿದೆ: ಈ ಮಗುವಿಗೆ ಏನಾದರೂ ವೈಕಲ್ಯವಿದೆಯೇ?

ಊರುಗೋಲು ಹಿಡಿದು ಬರುವ ಮಗುವಿನ ವಿಷಯದಲ್ಲಿ ಶಿಕ್ಷಕರಿಗೆ ಗೊಂದಲವಿಲ್ಲ, ‘ಹೌದು’ ಎನ್ನುತ್ತಾರೆ. ಆದರೆ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುವ ಬಾಲಕಿ? ಒಂದು ಕೇಳಿದರೆ ಇನ್ನೊಂದಕ್ಕೆ ಉತ್ತರಿಸುವ ಬಾಲಕ? ಬಾಯಿಪಾಠವನ್ನು ಚೆನ್ನಾಗಿ ಒಪ್ಪಿಸಿದರೂ ನಾಲ್ಕನೆಯ ತರಗತಿಯಲ್ಲಿ ಒಂದು ಸಾಲು ಓದಲಾರದ ಮಗು? ಇವರ ಹೆಸರಿನ ಮುಂದೆ ‘ಇಲ್ಲ’ ಎಂದು ಬೀಳುತ್ತದೆ. ನಮೂನೆಯಲ್ಲಿ ‘ಇಲ್ಲ’ ಎಂದಾದ ಮೇಲೆ ತರಗತಿಯಲ್ಲಿ ಅವರಿಗೆ ಉಳಿಯುವ ಹೆಸರು ಒಂದೇ: ‘ದಡ್ಡ’. ಮನೆಯಲ್ಲಿ ‘ಹಠಮಾರಿ’. ಓಣಿಯಲ್ಲಿ ಇನ್ನೂ ಕೆಟ್ಟದ್ದು. ‘ಇಲ್ಲ’ ಎಂಬ ಆ ಎರಡಕ್ಷರದ ವಿರುದ್ಧವೇ ನಮ್ಮ ಈ ಬರಹ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 1995ರ ಅಂಗವಿಕಲರ ಕಾಯ್ದೆಯು ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಅದರ ಜಾಗದಲ್ಲಿ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ-2016, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು 21 ಬಗೆಗಳನ್ನು ಹೆಸರಿಸಿದೆ. ಓದು, ಬರಹ, ಲೆಕ್ಕದಲ್ಲಿ ಎದುರಾಗುವ ನಿರ್ದಿಷ್ಟ ಕಲಿಕಾ ವೈಕಲ್ಯವೂ ಆಟಿಸಮ್ ಕೂಡಾ ಅದರಲ್ಲಿ ಸೇರಿವೆ. ಕಲಿಕಾ ವೈಕಲ್ಯವನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಕ್ರಮ ಕೈಗೊಳ್ಳುವುದು ಶಾಲೆಯ ಕರ್ತವ್ಯವೆಂದು 16ನೆಯ ಕಲಮು ಹೇಳುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಗುರುತಿಸಲು ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕು, ಮೊದಲ ಸಮೀಕ್ಷೆ ಕಾಯ್ದೆ ಜಾರಿಯಾದ ಎರಡು ವರ್ಷಗಳೊಳಗೆ ಮುಗಿಯಬೇಕು ಎಂದು 17ನೆಯ ಕಲಮು ವಿಧಿಸುತ್ತದೆ. ಆ ಲೆಕ್ಕದಂತೆ 2019ರ ಏಪ್ರಿಲ್ ಒಳಗೆ ಒಂದು ಸಮೀಕ್ಷೆಯೂ 2024ರ ಹೊತ್ತಿಗೆ ಇನ್ನೊಂದೂ ಮುಗಿದಿರಬೇಕು. ಓದುಗರೇ ಹೇಳಲಿ: ನಿಮ್ಮ ಮಗುವಿನ ಕಣ್ಣು, ಕಿವಿ, ಓದನ್ನು ಆ ಸಮೀಕ್ಷೆಯಲ್ಲಿ ಯಾರು ಪರೀಕ್ಷಿಸಿದರು?

ಗಮನಿಸಬೇಕಾದ ಅಂಶವೊಂದಿದೆ. ಈ ಕಲಮುಗಳಲ್ಲಿ ಮಗುವನ್ನು ಹುಡುಕುವ ಹೊಣೆ ಇರುವುದು ಶಾಲೆ ಮತ್ತು ಸರಕಾರದ ಮೇಲೆ. ವ್ಯವಹಾರದಲ್ಲಿ ಅದು ತಲೆಕೆಳಗಾಗಿದೆ. ‘ಪ್ರಮಾಣಪತ್ರ ತನ್ನಿ, ಆಮೇಲೆ ನೋಡೋಣ’ ಎಂಬ ಉತ್ತರ ಕೇಳದ ತಾಯ್ತಂದೆಯರು ವಿರಳ. ಕಬ್ಬು ಕಡಿಯಲು ಹೋಗುವ ತಂದೆ, ಬೀಡಿ ಸುತ್ತುವ ತಾಯಿ ಮಗುವಿನ ವೈಕಲ್ಯವನ್ನು ತಾವೇ ಕಂಡುಹಿಡಿದು, ತಾವೇ ಬೆಳಗಾವಿಗೆ ಅಲೆದು, ಶೇಕಡಾವಾರು ಬರೆಸಿಕೊಂಡು ಬರಬೇಕೆಂದರೆ ಶಾಲೆಯ ಕರ್ತವ್ಯವೆಂದು ಕಾಯ್ದೆಯಲ್ಲಿ ಬರೆದದ್ದು ಯಾಕೆ?

ಇನ್ನೊಂದು ತಪ್ಪು ತಿಳಿವಳಿಕೆ ‘ಶೇಕಡಾ 40’ರದ್ದು. ಆರರಿಂದ ಹದಿನೆಂಟು ವರ್ಷದವರೆಗಿನ ಉಚಿತ ಶಿಕ್ಷಣದಂತಹ ಕೆಲವು ಹಕ್ಕುಗಳಿಗೆ ಕಾಯ್ದೆ ಈ ಮಿತಿಯನ್ನು ಇಟ್ಟಿರುವುದು ನಿಜ. ಆದರೆ ತರಗತಿಯಲ್ಲಿ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡುವ ಕರ್ತವ್ಯಕ್ಕೆ ಆ ಮಿತಿ ಇಲ್ಲ. ಕಿವಿ ಅರ್ಧಂಬರ್ಧ ಕೇಳುವ ಮಗುವನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಲು ಯಾವ ವೈದ್ಯರ ಮೊಹರು ಬೇಕು?

ಸರಕಾರದ ಬಳಿ ಸಾಧನಗಳಿಲ್ಲವೆಂದು ಹೇಳುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಕಲಿಕಾ ವೈಕಲ್ಯದ ಕುರಿತ 2018ರ ಕೇಂದ್ರ ಮಾರ್ಗಸೂಚಿಯು ಮೂರನೆಯ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಿಕ್ಷಕರೇ ಪ್ರಾಥಮಿಕ ತಪಾಸಣೆ ಮಾಡಬೇಕೆಂದು ಹೇಳಿತು. ಶಿಕ್ಷಕರು ಮೊಬೈಲಿನಲ್ಲೇ ತುಂಬಬಹುದಾದ ‘ಪ್ರಶಸ್ತ್’ ಎಂಬ ಪ್ರಶ್ನಾವಳಿಯನ್ನು ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದಿತು. ಕೊರತೆಯಿರುವುದು ಕೈಗಳದ್ದು. ಸಾಮಾನ್ಯ ಶಾಲೆಗಳಿಗೂ ವಿಶೇಷ ಶಿಕ್ಷಕರು ಬೇಕೆಂದು, ಮಕ್ಕಳ ಸಂಖ್ಯೆಗೆ ತಕ್ಕ ಪ್ರಮಾಣದಲ್ಲಿ ಬೇಕೆಂದು ಸುಪ್ರೀಮ್ ಕೋರ್ಟು 2021ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ನಮ್ಮಲ್ಲಿ ಈ ಕೆಲಸಕ್ಕಿರುವ ಬಿಐಇಆರ್‌ಟಿ ಎಂಬ ಶಿಕ್ಷಕರು ಶಾಲೆಗಲ್ಲ, ಬ್ಲಾಕಿಗೆ ನೇಮಕಗೊಂಡವರು. ಒಂದು ಬ್ಲಾಕಿನ ಅಷ್ಟೂ ಶಾಲೆಗಳನ್ನು ಸುತ್ತುವವರು ಒಂದು ಮಗುವಿನ ಬಳಿ ಎಷ್ಟು ಹೊತ್ತು ಕುಳಿತಾರು?

ಗಡಿ ಭಾಗದ ನಮಗೆ ಇದರ ಮೇಲೆ ಭಾಷೆಯ ತೊಡಕೂ ಇದೆ. ಮನೆಯಲ್ಲಿ ದಖನಿ ಆಡುವ ಮಗು ಕನ್ನಡ ಅಥವಾ ಮರಾಠಿ ಶಾಲೆಯಲ್ಲಿ ತಡವರಿಸಿದರೆ ಅದು ಮಂದಬುದ್ಧಿಯಲ್ಲ, ಹೊಸ ಭಾಷೆಯ ಮುಂದಿನ ಸಹಜ ತೊದಲು. ಅದೇ ವೇಳೆ, ನಿಜಕ್ಕೂ ಕಲಿಕಾ ವೈಕಲ್ಯವಿರುವ ಮಗುವನ್ನು ‘ಭಾಷೆ ಬರುವುದಿಲ್ಲ, ಬಂದಮೇಲೆ ಸರಿಹೋಗುತ್ತದೆ’ ಎಂದು ವರ್ಷಗಟ್ಟಲೆ ಬಿಟ್ಟುಬಿಡುವುದೂ ಉಂಟು. ಎರಡೂ ಅನ್ಯಾಯವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ತಳ್ಳಲಾಗಿತ್ತು. ಪೋಷಕರು ನ್ಯಾಯಾಲಯಕ್ಕೆ ಹೋದರು. 1970ರಲ್ಲಿ ಇತ್ಯರ್ಥವಾದ ಡಯಾನಾ ಪ್ರಕರಣದಲ್ಲಿ, ಮಗುವನ್ನು ಅದರ ಮನೆಮಾತಿನಲ್ಲೂ ಪರೀಕ್ಷಿಸಬೇಕೆಂದು ಆಡಳಿತ ಒಪ್ಪಬೇಕಾಯಿತು. ಸದಲಗಾದ ಮಗುವಿಗೂ ಇದೇ ನ್ಯಾಯ ಬೇಕು. ದಖನಿ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸದೆ ಮಾಡಿದ ಪರೀಕ್ಷೆಯನ್ನು ಪರೀಕ್ಷೆಯೆಂದು ನಾವು ಒಪ್ಪಬಾರದು.

ಇಷ್ಟು ಹೇಳಿ ಬೆರಳನ್ನು ಸರಕಾರದ ಕಡೆಗಷ್ಟೇ ತೋರಿಸಿ ನಿಲ್ಲಿಸಿದರೆ ನಾವು ಪ್ರಾಮಾಣಿಕರಾಗಲಾರೆವು. ವೈದ್ಯರ ತಂಡ ಶಾಲೆಗೆ ಬರುವ ದಿನವೇ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವವರು ಯಾರು? ‘ತಮ್ಮನ ಹೆಸರು ಆ ಪಟ್ಟಿಯಲ್ಲಿ ಬಂದರೆ ಅಕ್ಕನಿಗೆ ಸಂಬಂಧ ಬರುವುದಿಲ್ಲ’ ಎಂದು ಪಿಸುಗುಡುವವರು ಯಾರು? ಮಾತು ಬಾರದ ಮಗುವಿನ ಕೊರಳಿಗೆ ತಾವೀಝ್ ಕಟ್ಟಿ, ದರ್ಗಾದಿಂದ ದರ್ಗಾಕ್ಕೆ ಎತ್ತಿಕೊಂಡು ತಿರುಗಿ, ಕಿವಿಯ ಪರೀಕ್ಷೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುವವರು ಯಾರು? ದುಆದ ಮಹತ್ವವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದವರು ಪ್ರವಾದಿ(ಸ)ರೇ ತಾನೆ?

ಈ ಮುಚ್ಚಿಡುವಿಕೆಯ ಬೆಲೆಯನ್ನು ತೆರುವುದು ಮಗು. ಮಗು ಮಾತು ಕಲಿಯುವುದು ಕೇಳಿಸಿಕೊಂಡು. ಮೊದಲ ಕೆಲವು ವರ್ಷಗಳಲ್ಲಿ ಶ್ರವಣ ಸಾಧನವೋ ಶಸ್ತ್ರಚಿಕಿತ್ಸೆಯೋ ಸಂಜ್ಞಾ ಭಾಷೆಯೋ ಸಿಗದಿದ್ದರೆ ಆಮೇಲೆ ಮಾತು, ಓದು ಎರಡೂ ದುಬಾರಿಯಾಗುತ್ತವೆ. ಒಂದು ಕಣ್ಣು ಮಂದವಾಗಿದ್ದರೆ ಏಳೆಂಟು ವರ್ಷದೊಳಗೆ ಸರಿಪಡಿಸುವುದು ಸುಲಭ, ತಡವಾದಷ್ಟೂ ಕಷ್ಟ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ತುಂಬಿ ಕೇಳಿಸದಿರುವುದಂತೂ ಬಹುತೇಕ ವಾಸಿಯಾಗುವಂಥದ್ದು. ಇವು ಯಾವುವೂ ಮುಚ್ಚಿಟ್ಟರೆ ಮಾಯವಾಗುವುದಿಲ್ಲ. ಹೆಣ್ಣುಮಗುವಿನ ಪಾಡಂತೂ ಇನ್ನೂ ಕಷ್ಟ. ‘ಓದು ತಲೆಗೆ ಹತ್ತುವುದಿಲ್ಲ’ ಎಂದು ಏಳನೆಯ ತರಗತಿಗೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ ಹುಡುಗಿಯರಲ್ಲಿ ಎಷ್ಟು ಮಂದಿಗೆ ಒಂದು ಜೊತೆ ಕನ್ನಡಕವಷ್ಟೇ ಸಾಕಿತ್ತೋ ಅಲ್ಲಾಹನೇ ಬಲ್ಲ.

ನಾವು ಸ್ವತಃ ಮದ್ರಸದಲ್ಲಿ ಕಲಿತವರು. ನಮ್ಮ ಸಾಲಿನಲ್ಲಿ ಕುಳಿತಿದ್ದ ಒಬ್ಬ ಗೆಳೆಯ ಸೀನ್, ಶೀನ್ ಅಕ್ಷರಗಳನ್ನು ಬೇರ್ಪಡಿಸಿ ಹೇಳಲಾರದೆ ದಿನವೂ ಬೆತ್ತದ ಏಟು ತಿನ್ನುತ್ತಿದ್ದ. ಅವನ ಕಿವಿಗೆ ಆ ಸದ್ದುಗಳೇ ಸ್ಪಷ್ಟವಾಗಿ ಬೀಳುತ್ತಿರಲಿಲ್ಲವೆಂಬುದು ಗೊತ್ತಾದದ್ದು ಅವನು ಓದು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಆ ಏಟುಗಳನ್ನು ನೋಡುತ್ತಾ ಕುಳಿತಿದ್ದ ನಮಗೂ ಅಂದು ಅವನು ದಡ್ಡನೆಂದೇ ಅನಿಸಿತ್ತು. ಈ ಮಾತನ್ನು ನಾವು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಆದ್ದರಿಂದಲೇ ಹೇಳುತ್ತೇವೆ: ನಮ್ಮ ಮಕ್ತಬ್‌ಗಳಿಗೆ ಈ ವಿಷಯದಲ್ಲಿ ಶಾಲೆಗಿಲ್ಲದ ಅವಕಾಶವೊಂದಿದೆ. ಮೊಹಲ್ಲಾದ ಮಕ್ಕಳಲ್ಲಿ ಹೆಚ್ಚಿನವರು ಐದಾರು ವರ್ಷಕ್ಕೇ ಅಲ್ಲಿಗೆ ಬರುತ್ತಾರೆ. ಹಾಫಿಝ್ ಸಾಹೇಬರು ಒಬ್ಬೊಬ್ಬರನ್ನೇ ಮುಂದೆ ಕೂರಿಸಿಕೊಂಡು ಸಬಕ್ ಕೇಳುತ್ತಾರೆ. ಬಾ, ತಾ ಅಕ್ಷರಗಳ ಚುಕ್ಕೆ ಕಾಣದೆ ತಡವರಿಸುವ ಕಣ್ಣು, ಉಚ್ಚಾರವನ್ನು ಹಿಡಿಯಲಾಗದ ಕಿವಿ, ಬಾಯಲ್ಲಿ ಪಾಠವಿದ್ದರೂ ಪುಟದಲ್ಲಿ ದಾರಿ ತಪ್ಪುವ ಬೆರಳು, ಇವನ್ನೆಲ್ಲ ಮೊದಲು ಕಾಣುವ ಸ್ಥಾನ ಅವರದ್ದು. ಅವರು ವೈದ್ಯರಾಗಬೇಕಿಲ್ಲ. ಬೆತ್ತವನ್ನು ಕೆಳಗಿಟ್ಟು ತಾಯ್ತಂದೆಯರಿಗೆ ‘ಒಮ್ಮೆ ತೋರಿಸಿ’ ಎಂದು ಹೇಳಿದರೆ ಸಾಕು.

ಅಂಧ ಸಹಾಬಿ ಅಬ್ದುಲ್ಲಾಹ್ ಇಬ್ನ್ ಉಮ್ಮಿ ಮಕ್ತೂಮ್(ರ)ರ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಕುರೈಶರ ಮುಖಂಡರೊಡನೆ ಮಾತಿನಲ್ಲಿದ್ದ ಪ್ರವಾದಿ(ಸ)ರ ಬಳಿ ಅವರು ಕಲಿಯಬಯಸಿ ಬಂದಾಗ ಅವರೆಡೆ ಗಮನ ಕೊಡದಿದ್ದುದಕ್ಕಾಗಿ ಅಲ್ಲಾಹನು ತನ್ನ ಪ್ರವಾದಿಯನ್ನೇ ಎಚ್ಚರಿಸಿದ ಸೂರಃ ಅಬಸವನ್ನು ನಾವು ನಮಾಝ್‌ನಲ್ಲಿ ಓದುತ್ತೇವೆ. ಮುಂದೆ ಅವರು ಮದೀನಾದ ಮುಅಝ್ಝಿನ್ ಆದರು. ಪ್ರವಾದಿ(ಸ)ರು ಪ್ರಯಾಣ ಹೊರಟಾಗ ನಗರದ ಹೊಣೆಯನ್ನೂ ಅವರಿಗೆ ವಹಿಸಿದ್ದುಂಟು. ಕಲಿಯಲು ಬಂದವನನ್ನು ಕಡೆಗಣಿಸಬಾರದೆಂಬ ಎಚ್ಚರಿಕೆ ಪ್ರವಾದಿ(ಸ)ರಿಗೇ ಬಂದಿರುವಾಗ ಹಿಂದಿನ ಬೆಂಚಿನ ಮಗುವನ್ನು ಕಡೆಗಣಿಸಲು ನಮಗೆ ಅನುಮತಿ ಕೊಟ್ಟವರಾರು?

‘ಹೆಸರು ಬರೆಸಿದರೆ ಹಣೆಪಟ್ಟಿ ಅಂಟುತ್ತದೆ’ ಎಂಬುದು ಹಲವರ ಆಕ್ಷೇಪ. ಅದು ಸುಳ್ಳು ಭಯವೇನಲ್ಲ. ಗುರುತಿಸಿದ ಮೇಲೆ ಏನನ್ನೂ ಕೊಡದೆ ಬಿಟ್ಟರೆ ಅದು ಬರಿಯ ಹಣೆಪಟ್ಟಿಯೇ. ಆದರೆ ಆ ಮಗುವಿನ ಹಣೆಗೆ ‘ದಡ್ಡ’ ಎಂಬ ಪಟ್ಟಿ ಈಗಾಗಲೇ ಅಂಟಿದೆ. ಅದರಿಂದ ಕನ್ನಡಕ ಸಿಗುವುದಿಲ್ಲ, ಶ್ರವಣ ಸಾಧನ ಸಿಗುವುದಿಲ್ಲ, ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯವಾಗಲೀ ಬರೆದುಕೊಡುವ ಸಹಾಯಕನಾಗಲೀ ಸಿಗುವುದಿಲ್ಲ. ವೈಕಲ್ಯವನ್ನು ಸರಿಯಾಗಿ ಹೆಸರಿಸಿದರೆ ಇವೆಲ್ಲವನ್ನೂ ಹಕ್ಕಾಗಿ ಕೇಳಬಹುದು. ಶಾಲೆಗೆ ಬರಲಾರದಷ್ಟು ತೀವ್ರ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ.

ಹಾಗಾದರೆ ಮಾಡಬೇಕಾದುದೇನು? ಸಂಶಯವಿದ್ದರೆ ಮುಖ್ಯೋಪಾಧ್ಯಾಯರಿಗೆ ಬಾಯಿಮಾತಿನಲ್ಲಿ ಹೇಳಬೇಡಿ, ಬರಹದಲ್ಲಿ ಅರ್ಜಿ ಕೊಟ್ಟು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ. ಎಸ್‌ಡಿಎಂಸಿ ಸಭೆಯಲ್ಲಿ ಕುಳಿತಿರುವ ಪೋಷಕರು ‘ನಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳನ್ನು ಗುರುತಿಸಿದ್ದೀರಿ, ಅವರಿಗೆ ಏನು ಕೊಟ್ಟಿದ್ದೀರಿ’ ಎಂದು ಕೇಳಿ ನಡಾವಳಿಯಲ್ಲಿ ಬರೆಸಲಿ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 17ನೆಯ ಕಲಮಿನ ಸಮೀಕ್ಷೆಯ ಅಂಕಿ-ಅಂಶವನ್ನು ಮಾಧ್ಯಮವಾರು ಪಡೆಯುವ ಕೆಲಸವನ್ನು ನಮ್ಮ ವಿದ್ಯಾವಂತ ಯುವಕರು ವಹಿಸಿಕೊಳ್ಳಲಿ. ಮಿರಜ್‌ನ ಖಾಸಗಿ ವೈದ್ಯರ ಚೀಟಿ ಚಿಕಿತ್ಸೆಗೆ ಸರಿ, ಆದರೆ ಯುಡಿಐಡಿ ಕಾರ್ಡಿಗೆ ಸರಕಾರದ ಅಧಿಕೃತ ವೈದ್ಯಾಧಿಕಾರಿಗಳ ಪ್ರಮಾಣಪತ್ರವೇ ಬೇಕೆಂಬುದು ನೆನಪಿರಲಿ. ಬೆಳಗಾವಿಗೆ ಹೋಗಿಬರುವ ಖರ್ಚಿಗೂ ಗತಿಯಿಲ್ಲದ ಕುಟುಂಬಕ್ಕೆ ಜಮಾಅತಿನ ಝಕಾತ್ ನಿಧಿ ತೆರೆಯಲಿ. ವರ್ಷದ ಐವತ್ತೆರಡು ಜುಮಾಗಳಲ್ಲಿ ಒಂದು ಖುತ್ಬಾದ ಮುಂಚಿನ ಭಾಷಣ ಈ ಮಕ್ಕಳ ಬಗ್ಗೆ ಇರಲಿ.

ಯು-ಡೈಸ್ ನಮೂನೆ ಈ ವರ್ಷವೂ ಬರುತ್ತದೆ. ಶಿಕ್ಷಕರ ಕೈ ಆ ಪ್ರಶ್ನೆಯ ಮುಂದೆ ಬಂದಾಗ ‘ಇಲ್ಲ’ ಎಂದು ಬರೆಯುವ ಮೊದಲು ಅವರು ಆ ಮಗುವನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಹಾಗೆ ನೋಡುವಂತೆ ಅವರನ್ನು ಕೇಳುವ ಹಕ್ಕು ನಮಗಿದೆ. ಆದರೆ ಆ ದಿನ ಮಗುವನ್ನು ಮನೆಯಲ್ಲಿ ಅಡಗಿಸಿಡದೆ ಶಾಲೆಗೆ ಕಳುಹಿಸುವ ಕೆಲಸ ನಮ್ಮದು.