ಪ್ಲೀಸ್ ಅನ್ನದ ಊರಿನಿಂದ

ಬೆಂಗಳೂರಿನ ಮಾಸಪತ್ರಿಕೆಯೊಂದರ ಸಂಪಾದಕ ಮಿತ್ರರು ನಮಗೆ ಮತ್ತೆ ಸೌಜನ್ಯದ ಪಾಠ ಹೇಳಿದ್ದಾರೆ. 2025ರ ಫೆಬ್ರುವರಿಯಲ್ಲಿ ಕನ್ನಡ-ಮರಾಠಿ ಜಗಳದಲ್ಲಿ ಬಾಳೇಕುಂದ್ರಿ ಬಸ್ಸಿನ ಕಂಡಕ್ಟರಿಗೆ ಏಟು ಬಿದ್ದದ್ದು, ಕರ್ನಾಟಕ-ಮಹಾರಾಷ್ಟ್ರ ಎರಡೂ ರಾಜ್ಯಗಳ ಬಸ್ಸು ನಿಂತದ್ದು, ಮಾರ್ಚ್ 22ರ ಕರ್ನಾಟಕ ಬಂದ್, ಎಲ್ಲಕ್ಕೂ ಅವರ ಹತ್ತಿರ ಇರುವ ಮದ್ದು ಒಂದೇ: ಬೆಳಗಾವಿಯವರು 'ಪ್ಲೀಸ್' ಅನ್ನುವುದನ್ನು ಕಲಿಯಬೇಕಂತೆ. ಒರಟು ಮಾತಂತೆ, ಒರಟು ಜನವಂತೆ.

ಮಹಾಶಯರು ಒಮ್ಮೆ ಖಾನಾಪುರದ ಸಂತೆಗೆ ಬರಲಿ. ಬರ್ರಿ, ಕುಂದರ್ರಿ, ಕೊಡ್ರಿ, ಇಲ್ಲರೀ. ನಮ್ಮ ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇದೆ, ಹೊರಗಿಂದ ತಂದು ಅಂಟಿಸಬೇಕಿಲ್ಲ. ಸಾಲ ವಸೂಲಿಗೆ ಬಂದವನು ಬೈಯುವುದೂ 'ಯಾವಾಗ ಕೊಡ್ತೀರಿ ಹೇಳ್ರಿ' ಅಂತಲೇ. ಪಕ್ಕದಲ್ಲಿ ಕೂತ ಮರಾಠಿ ಅಜ್ಜಿಯ 'ಯಾ', 'ಬಸಾ'ಗಳದ್ದೂ ಅದೇ ಲೆಕ್ಕ. ಗಂಡನನ್ನು ಈ ಮನೆಯಾಕೆ 'ರೀ' ಎಂದು ಕರೆದರೆ ಆ ಮನೆಯಾಕೆ 'ಅಹೋ' ಅನ್ನುತ್ತಾಳೆ. ಇದು ಎರಡೂ ಕಡೆಯ ಭಾಷಣಕಾರರ ಕಿವಿಗೆ ಬೀಳುವುದಿಲ್ಲ. ಬಿದ್ದರೆ ಅವರ ಹೊಟ್ಟೆಪಾಡು ಹೇಗೆ?

ಇನ್ನು ಆ 'ಪ್ಲೀಸ್' ಎಂಬ ಪದ. ಇಂಗ್ಲಿಷರಲ್ಲಿ ಅದು 'ತಮ್ಮ ಚಿತ್ತಕ್ಕೆ ಬಂದರೆ' ಎಂಬ ಉದ್ದನೆಯ ಮಾತು ಸವೆದು ಉಳಿದ ತುಣುಕು. ನಮ್ಮಲ್ಲಿ ಬೇರೆ ಚಾಕರಿಗೆ ಸೇರಿದೆ. ಮಗ ಮೊಬೈಲಿಗಾಗಿ 'ಪ್ಲೀಸ್ ಪ್ಲೀಸ್' ಅಂದರೆ ದಮ್ಮಯ್ಯ; ಸಾಹೇಬರು ಅಂಗೈ ಎತ್ತಿ 'ಪ್ಲೀಸ್' ಅಂದರೆ ಬಾಯಿ ಮುಚ್ಚು. ಕಾನ್ವೆಂಟಿನಲ್ಲಿ ಅದನ್ನು ಬಾಯಿಪಾಠ ಮಾಡಿದ ಮಗು ಮನೆಗೆಲಸದ ಹಿರಿಯಾಕೆಗೆ 'ಪ್ಲೀಸ್, ನೀರು ತಾ' ಅನ್ನುತ್ತದೆ. ಪ್ಲೀಸ್ ಬಂತು, ರೀ ಹೋಯಿತು. ತಾಯಿ-ತಂದೆಗೆ ಹೆಮ್ಮೆಯೋ ಹೆಮ್ಮೆ! 'ದಯವಿಟ್ಟು' ಎಂಬ ಅದರ ತರ್ಜುಮೆಯಂತೂ ಬೋರ್ಡು ಬಿಟ್ಟು ಕೆಳಗಿಳಿದಿಲ್ಲ. 'ದಯವಿಟ್ಟು ಉಗುಳಬೇಡಿ' ಎಂದು ಬರೆದ ಗೋಡೆಯ ಬಣ್ಣ ಎಲ್ಲರಿಗೂ ಗೊತ್ತು.

ನಮ್ಮ ಬೆಳಗಾವಿ ಕೋಟೆಯ ರಟ್ಟ ಜಿನಾಲಯಕ್ಕೆ 1204ರಲ್ಲಿ ದತ್ತಿ ಬಿಟ್ಟದ್ದನ್ನು ಹೇಳುವ ಕನ್ನಡ ಶಾಸನದ ಕಲ್ಲುಗಳು ಇವತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಒಯ್ಯುವಾಗ ಯಾರಿಗೆ ಪ್ಲೀಸ್ ಅಂದರು? ಮಿತ್ರರು ಮುಂದಿನ ಪಾಠವನ್ನು ಅವರಿಗೆ ಹೇಳಲಿ. ನಾವು ಮರುಮುದ್ರಣ ಮಾಡುತ್ತೇವೆ, ಗೌರವಧನ ಸಹಿತ.

ಈ ಸಂಚಿಕೆಯ ವಿಶೇಷ ವಿಭಾಗ ಖಾನಾಪುರ ಸೀಮೆಯ ಆಡುಮಾತು. ಚಂದಾ ಬಾಕಿ ಇದ್ದವರು ಲಗೂನ ಕಳಸ್ರಿ.